ಕಾರ್ನ್‌ವಾಲಿಸ್ ಹಡಗು ಯಾರ ಸೇವೆ ಮಾಡಿತು?

ಮೊನ್ನೆ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ತಯಾರಿ ನಡೀತಾ ಇತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂರು ನಿಮಿಷದ ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೊಬೈಲಿನಲ್ಲಿ ಊರಿಡೀ ಸುತ್ತುವ ಒಂದು ಬರಹವನ್ನೇ ಅವಳ ಅಣ್ಣ ಕನ್ನಡಕ್ಕೆ ಮಾಡಿ ಕೊಟ್ಟಿದ್ದನಂತೆ. ಸಾರಾಂಶ ಇಷ್ಟು: ಬ್ರಿಟಿಷರ ದೊಡ್ಡ ದೊಡ್ಡ ಯುದ್ಧನೌಕೆಗಳನ್ನು ಕಟ್ಟಿದ್ದು ಬೊಂಬಾಯಿಯಲ್ಲಿ, ನಮ್ಮ ಮಲಬಾರಿನ ತೇಗದಲ್ಲಿ. ಅಮೆರಿಕದ ರಾಷ್ಟ್ರಗೀತೆ ಹುಟ್ಟಿದ್ದು ನಾವು ಕಟ್ಟಿದ ಹಡಗಿನಲ್ಲಿ. ಚೀನಾ ಶರಣಾಗಿ ಹಾಂಗ್‌ಕಾಂಗ್ ಬಿಟ್ಟುಕೊಟ್ಟದ್ದೂ ನಾವು ಕಟ್ಟಿದ ಹಡಗಿನಲ್ಲಿ. ಆದ್ದರಿಂದ ನಾವೆಲ್ಲ ಎದೆಯುಬ್ಬಿಸಿ ಹೇಳಬೇಕು...

ಸ್ಟಾಫ್ ರೂಮಿನಲ್ಲಿ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ? ಕೆಲವು ವರ್ಷದ ಹಿಂದೆ ರಸಪ್ರಶ್ನೆಯಲ್ಲಿ "ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದ ಭಾರತೀಯ ನಿರ್ಮಿತ ಹಡಗು ಯಾವುದು?" ಎಂದು ಕೇಳಿ, "ಕಾರ್ನ್‌ವಾಲಿಸ್" ಎಂದವರಿಗೆ ಹತ್ತು ಅಂಕ ಕೊಟ್ಟ ಮಹಾನುಭಾವ ನಾನೇ.

ಚಪ್ಪಾಳೆ ನಿಂತ ಮೇಲೆ ಹುಡುಗಿ ಕೇಳಿದಳು, "ಮಾಷೇ, ಚೀನಾದವರು ನಮಗೆ ಏನು ಮಾಡಿದ್ದರು?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಯಾಕೆಂದರೆ ಏನೂ ಮಾಡಿರಲಿಲ್ಲ! ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಕೊರೀತಾ ಇದೆ. ಅದಕ್ಕೇ ಈ ಬರಹ. ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಮೊದಲು ಒಂದು ಸುಳ್ಳನ್ನು ಬದಿಗಿಡೋಣ. ಅಮೆರಿಕದ ರಾಷ್ಟ್ರಗೀತೆಯ ಕಥೆ. 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಬ್ರಿಟಿಷ್ ಗುಂಡು ಬೀಳುವಾಗ ಫ್ರಾನ್ಸಿಸ್ ಸ್ಕಾಟ್ ಕೀ ಅದನ್ನು ನೋಡುತ್ತಾ ಇದ್ದದ್ದು ಸಂಧಾನಕ್ಕೆಂದು ಬಂದಿದ್ದ ಅಮೆರಿಕದವರದೇ ಹಡಗಿನಿಂದ. ಬೊಂಬಾಯಿಯಲ್ಲಿ 1810ರಲ್ಲಿ ನೀರಿಗಿಳಿದ ಮಿಂಡೆನ್ ಹಡಗಿಗೂ ಆ ಗೀತೆಗೂ ಸಂಬಂಧ ಇಲ್ಲ. ಈ ಸುಳ್ಳು ನಮ್ಮ ಮಕ್ಕಳ ಬಾಯಿಗೆ ಬಂದದ್ದು ಹೇಗೆ? ಹೆಮ್ಮೆಪಡುವ ಆತುರಕ್ಕೆ. ಹೆಮ್ಮೆಯ ಮಾತು ಎಂದಾಕ್ಷಣ ನಾವು ವಿಚಾರಿಸುವುದನ್ನೇ ಬಿಟ್ಟುಬಿಡುತ್ತೇವೆ.

ಆದರೆ ಕಾರ್ನ್‌ವಾಲಿಸ್ ವಿಷಯ ಸುಳ್ಳಲ್ಲ, ನಿಜ. ಅದೇ ತೊಂದರೆ. ಸುಳ್ಳನ್ನು ತಿದ್ದುವುದು ಸುಲಭ, ಅರ್ಧ ಹೇಳಿದ ನಿಜವನ್ನು ತಿದ್ದುವುದು ಕಷ್ಟ.

ನೌಕಾ ಇತಿಹಾಸದವರು ಪ್ರತಿ ಹಡಗಿಗೂ ಒಂದು "ಸೇವಾ ಇತಿಹಾಸ" ಬರೆದಿಡುತ್ತಾರೆ, ನಮ್ಮ ಸರ್ವೀಸ್ ಬುಕ್ಕಿನ ಹಾಗೆ. ನೇಮಕಾತಿ, ವರ್ಗಾವಣೆ, ಬಡ್ತಿ, ನಿವೃತ್ತಿ. ಕಾರ್ನ್‌ವಾಲಿಸ್ ಹಡಗಿನ ಸರ್ವೀಸ್ ಬುಕ್ಕು ಹೀಗಿದೆ, ನೋಡಿ. 74 ಫಿರಂಗಿಯ ಹಡಗು. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಪಾರ್ಸಿ ಮೇಸ್ತ್ರಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ್ದು. 1813ರ ಮೇ ತಿಂಗಳಿನಲ್ಲಿ ನೀರಿಗಿಳಿಯಿತು. 1815ರ ಏಪ್ರಿಲ್ ಕೊನೆಗೆ ಅಮೆರಿಕದ ಹಾರ್ನೆಟ್ ಎಂಬ ಸಣ್ಣ ಹಡಗನ್ನು ಮೂರು ದಿನ ಅಟ್ಟಿಸಿಕೊಂಡು ಹೋಯಿತು. ಹಾರ್ನೆಟ್‌ನವರು ತಮ್ಮ ಫಿರಂಗಿಗಳನ್ನೇ ಸಮುದ್ರಕ್ಕೆ ಎಸೆದು, ಹಗುರ ಮಾಡಿಕೊಂಡು ತಪ್ಪಿಸಿಕೊಂಡರು. (ತಮಾಷೆ ಏನೆಂದರೆ ಆ ಯುದ್ಧ ಅಷ್ಟರಲ್ಲಿ ಮುಗಿದಿತ್ತು, ಸುದ್ದಿ ಸಮುದ್ರದ ನಡುವೆ ತಲುಪಿರಲಿಲ್ಲ!) 1842ರಲ್ಲಿ ಚೀನಾ ಯುದ್ಧದಲ್ಲಿ ಅಡ್ಮಿರಲ್ ವಿಲಿಯಂ ಪಾರ್ಕರ್‌ನ ಧ್ವಜನೌಕೆ. ಅದೇ ವರ್ಷ ಆಗಸ್ಟ್ 29ರಂದು ನಾನ್‌ಕಿಂಗ್ ಒಪ್ಪಂದಕ್ಕೆ ಅದರಲ್ಲೇ ಸಹಿ. 1850ರ ದಶಕದಲ್ಲಿ ಉಗಿಯಂತ್ರ ಜೋಡಿಸಿ 60 ಫಿರಂಗಿಗೆ ಇಳಿಸಿದರು, 1855ರ ಆಗಸ್ಟಿನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ರಷ್ಯನ್ನರ ಸ್ವೆಬೋರ್ಗ್ ಕೋಟೆಯ ಮೇಲೆ ನಡೆದ ದಾಳಿಯಲ್ಲಿ ಇತ್ತು. 1865ರಲ್ಲಿ ಇಂಗ್ಲೆಂಡಿನ ಶೀರ್‌ನೆಸ್ ಬಂದರಿನಲ್ಲಿ ಜೆಟ್ಟಿಯಾಗಿ ಕಟ್ಟಿಹಾಕಿದರು. 1916ರಲ್ಲಿ ವೈಲ್ಡ್‌ಫೈರ್ ಎಂದು ಹೆಸರು ಬದಲಾಯಿತು. 1957ರಲ್ಲಿ ಒಡೆದು ಹಾಕಿದರು.

ಇಷ್ಟೇ. 144 ವರ್ಷದ ಆಯುಷ್ಯ ಒಂದು ಪ್ಯಾರಾದಲ್ಲಿ ಮುಗಿಯಿತು. ತಾರೀಕು ಸರಿ, ಹೆಸರು ಸರಿ, ತಪ್ಪು ಹುಡುಕಲಿಕ್ಕೆ ಇಲ್ಲ. ಆದರೆ "ಸೇವೆ" ಎಂಬ ಒಂದು ಶಬ್ದ ನೋಡಿ. ನಮ್ಮ ಕಡೆ ಸೇವೆಯಾಟ ಆಡಿಸಿದರೆ ಯಾರ ಸೇವೆ, ಯಾರ ಹರಕೆ, ಯಾರ ಖರ್ಚು ಎಂದು ಮೊದಲು ಕೇಳುತ್ತಾರೆ. ಈ ಹಡಗಿನ ಸೇವೆಗೆ ಮಾತ್ರ ಅದನ್ನು ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ.

ಖರ್ಚಿನಿಂದಲೇ ಶುರು ಮಾಡೋಣ. ಸರ್ವೀಸ್ ಬುಕ್ಕು ತೆರೆಯುವುದು ಹಡಗು ನೀರಿಗಿಳಿದ ದಿನ. ಆದರೆ ಹಡಗು ಅಲ್ಲಿ ಶುರುವಾಗುವುದಿಲ್ಲ, ಕಾಡಿನಲ್ಲಿ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ ಒಂದು 74 ಫಿರಂಗಿಯ ಹಡಗಿಗೆ ಸುಮಾರು 2,000 ದೊಡ್ಡ ಓಕ್ ಮರ ಬೇಕಾಗುತ್ತಿತ್ತು ಎಂಬ ಲೆಕ್ಕ ಸಾಮಾನ್ಯವಾಗಿ ಹೇಳುತ್ತಾರೆ. ನೆಪೋಲಿಯನ್ನನ ಜೊತೆ ಯುದ್ಧ ಮಾಡಿ ಮಾಡಿ ಅಲ್ಲಿ ಓಕ್ ಸಾಲದೆ ಬಂದಾಗ ಅವರ ಕಣ್ಣು ತೇಗದ ಮೇಲೆ ಬಿತ್ತು. ತೇಗದಲ್ಲಿ ಎಣ್ಣೆಯ ಅಂಶ ಇದೆ, ಹುಳ ಬೇಗ ಹಿಡಿಯುವುದಿಲ್ಲ, ಓಕಿನ ಹಾಗೆ ಕಬ್ಬಿಣದ ಮೊಳೆಯನ್ನು ತಿನ್ನುವುದಿಲ್ಲ. ಬೊಂಬಾಯಿಯ ಕಟ್ಟೆಗೆ ತೇಗ ಹೆಚ್ಚಾಗಿ ಬರುತ್ತಿದ್ದದ್ದು ಮಲಬಾರ್ ಕರಾವಳಿಯಿಂದ.

ಮಲಬಾರ್ ಕಂಪೆನಿಯ ಕೈಗೆ ಹೋದದ್ದು ಯಾವಾಗ? ನಮ್ಮ ಮಕ್ಕಳಿಗೆ ಇದು ಗೊತ್ತು. 1792, ಶ್ರೀರಂಗಪಟ್ಟಣದ ಒಪ್ಪಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟದ್ದು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟದ್ದು. ಎದುರಿಗೆ ಕುಳಿತಿದ್ದವನು ಲಾರ್ಡ್ ಕಾರ್ನ್‌ವಾಲಿಸ್. ಹಡಗಿನ ಹೆಸರು ಕೇಳಿದಾಗ ನಮಗೆ ಮೊದಲು ನೆನಪಾಗಬೇಕಾದದ್ದು ಇದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾವೂ ಹೋಯಿತು, ಎಂದರೆ ನಮ್ಮ ಕಾಸರಗೋಡಿನ ನೆಲವೂ ಹೋಯಿತು.

ಆಮೇಲೆ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕ ಎಂದು ನೇಮಿಸಿದರು. ಹೆಸರು ಸಂರಕ್ಷಕ, ಕೆಲಸ ಹಡಗಿಗೆ ಮರ ಹೊಂದಿಸುವುದು. 1807ರಲ್ಲಿ ಘೋಷಣೆ ಬಂತು: ತೇಗದ ಮರದ ಮೇಲಿನ ಹಕ್ಕು ಕಂಪೆನಿಯದ್ದು, ಅಪ್ಪಣೆ ಇಲ್ಲದೆ ಯಾರೂ ಕಡಿಯಬಾರದು. ಅಜ್ಜನ ಕಾಲದಿಂದ ಅನುಭವಿಸಿಕೊಂಡು ಬಂದ ಜಾಗದಲ್ಲೇ ಮರ ನಿಂತಿದ್ದರೂ ಜಾಗದವನಿಗೆ ಹಕ್ಕಿಲ್ಲ! ಜಮೀನಿನವರೂ ಮರದ ವ್ಯಾಪಾರಿಗಳೂ ಬೊಬ್ಬೆ ಹಾಕಿದರು. ಆ ಅಸಮಾಧಾನ ಎಷ್ಟು ಬೆಳೆಯಿತೆಂದರೆ ಕೊನೆಗೆ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ (ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನೇ) ಇದು ಸರಿಯಲ್ಲ ಎಂದು ಹೇಳಬೇಕಾಯಿತು. 1820ರ ದಶಕದ ಆರಂಭದಲ್ಲಿ ಆ ವ್ಯವಸ್ಥೆ ರದ್ದಾಯಿತು. ಕಾರ್ನ್‌ವಾಲಿಸ್ ಹಡಗು ಕಟ್ಟಿದ್ದು ಈ ನಡುವಿನ ವರ್ಷಗಳಲ್ಲಿ. "ನಾವು ಕೊಟ್ಟ ತೇಗ" ಎಂದು ನಮ್ಮ ಹುಡುಗಿಯ ಭಾಷಣದಲ್ಲಿದೆ. ಕೊಟ್ಟದ್ದೇ? ಕೇಳದೆ ತೆಗೆದುಕೊಂಡು ಹೋದದ್ದನ್ನು ಯಾವ ಊರಿನಲ್ಲಿ ಕೊಡುಗೆ ಎಂದು ಕರೆಯುತ್ತಾರೆ?

ಮರ ಎಷ್ಟರ ಮಟ್ಟಿಗೆ ಖಾಲಿಯಾಯಿತು ಎಂದರೆ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ಗಿಡ ನೆಡಿಸಬೇಕಾಯಿತು. ಇವತ್ತು ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ದೊಡ್ಡ ಮರದ ಎದುರು ನಿಲ್ಲಿಸಿ ಫೋಟೋ ತೆಗೆಯುವ ಅದೇ ತೋಟ. ಅದನ್ನು ಯಾಕೆ ನೆಟ್ಟರು ಎಂದು ಎಷ್ಟು ಜನ ಹೇಳಿಕೊಡುತ್ತೇವೆ?

ಇನ್ನು ಯಾರ ಸೇವೆ ಎಂಬ ಪ್ರಶ್ನೆ. ಚೀನಾದ ಕಥೆಗೆ ಬರೋಣ.

ಇಂಗ್ಲೆಂಡಿನವರಿಗೆ ಚೀನಾದ ಚಹಾ ಬೇಕು. ಚೀನಾದವರಿಗೆ ಇಂಗ್ಲೆಂಡಿನ ಸಾಮಾನು ಅಷ್ಟೇನೂ ಬೇಡ, ಬೆಳ್ಳಿ ಬೇಕು. ಬೆಳ್ಳಿ ಉಳಿಸಲಿಕ್ಕೆ ಕಂಪೆನಿಯವರು ಕಂಡುಕೊಂಡ ಉಪಾಯ ಅಫೀಮು. ಗಂಗೆಯ ಬಯಲಿನಲ್ಲಿ ರೈತರಿಂದ ಬೆಳೆಸಿ ಕಲ್ಕತ್ತದಲ್ಲಿ ಹರಾಜು ಹಾಕುವುದು, ಮಾಳವದ ಅಫೀಮು ಬೊಂಬಾಯಿಯಿಂದ ಹೊರಡುವುದು. ಹೌದು, ಹಡಗು ಕಟ್ಟಿದ ಅದೇ ಬೊಂಬಾಯಿ. ಚೀನಾದಲ್ಲಿ ಅಫೀಮು ನಿಷೇಧ ಇತ್ತು. ಆದ್ದರಿಂದ ಇದು ಕಳ್ಳಸಾಗಣೆ. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಜ಼ೆಶು 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ಹೂಮೆನ್ ಎಂಬಲ್ಲಿ ಸುಣ್ಣ, ಉಪ್ಪು, ನೀರು ಹಾಕಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಒಂದೊಂದು ಪೆಟ್ಟಿಗೆಯಲ್ಲಿ ಸುಮಾರು 60 ಕಿಲೋ. ಇದಕ್ಕೇ ಯುದ್ಧ.

ಸ್ವಲ್ಪ ಯೋಚಿಸಿ. ನಮ್ಮ ಶಾಲೆಯ ಗೇಟಿನ ಹತ್ತಿರ ಯಾರಾದರೂ ಮಕ್ಕಳಿಗೆ ಗಾಂಜಾ ಮಾರುತ್ತಾರೆ, ಹೆಡ್ಮಾಷ್ಟ್ರು ಹಿಡಿದು ಸುಟ್ಟು ಹಾಕುತ್ತಾರೆ, ಮಾರುವವನು ನಾಲ್ಕು ಜೀಪು ಜನ ತಂದು ಶಾಲೆಗೆ ಬೆಂಕಿ ಕೊಟ್ಟು, ಸುಟ್ಟ ಮಾಲಿನ ದುಡ್ಡು ವಸೂಲಿ ಮಾಡುತ್ತಾನೆ. ಆ ಜೀಪು ನಮ್ಮೂರಿನ ಗ್ಯಾರೇಜಿನಲ್ಲಿ ಕಟ್ಟಿದ್ದು ಎಂದು ನಾವು ಪಿ.ಟಿ.ಎ. ಮೀಟಿಂಗಿನಲ್ಲಿ ಹೆಮ್ಮೆಪಡುತ್ತೇವೆಯೇ?

ಆ ಯುದ್ಧಕ್ಕೆ ಹೋದ 74 ಫಿರಂಗಿಯ ಹಡಗುಗಳಲ್ಲಿ ಮೂರು ಬೊಂಬಾಯಿಯಲ್ಲಿ ಕಟ್ಟಿದವು: 1815ರಲ್ಲಿ ನೀರಿಗಿಳಿದ ವೆಲ್ಲೆಸ್ಲಿ, 1817ರ ಮೆಲ್ವಿಲ್, ಮತ್ತೆ ನಮ್ಮ ಕಾರ್ನ್‌ವಾಲಿಸ್. 1842ರ ಜೂನ್ 16ರಂದು ಯಾಂಗ್ಟ್ಸಿ ನದಿಯ ಬಾಯಿಯಲ್ಲಿ ವೂಸಂಗ್ ಕೋಟೆಯ ಎದುರು ಕಾರ್ನ್‌ವಾಲಿಸ್ ಲಂಗರು ಹಾಕಿ ಗುಂಡು ಹಾರಿಸಿತು. ಗಾಳಿಯನ್ನು ಕಾಯುವ ಹಾಗೇ ಇರಲಿಲ್ಲ, ಹಾಯಿ ಹಡಗುಗಳನ್ನು ಉಗಿ ಹಡಗುಗಳು ಎಳೆದುಕೊಂಡು ಹೋಗಿ ನಿಲ್ಲಿಸಿದವು. ಕೋಟೆ ಕಾಯುತ್ತಿದ್ದ ಮುದಿ ಸೇನಾಪತಿ ಚೆನ್ ಹುವಾಚೆಂಗ್ ಅಲ್ಲೇ ಸತ್ತ. ಜುಲೈ 21ರಂದು ಝೆಂಜಿಯಾಂಗ್ ಪಟ್ಟಣ ಬಿತ್ತು. ಶತ್ರುಗಳ ಕೈಗೆ ಸಿಕ್ಕುವುದಕ್ಕಿಂತ ಸಾಯುವುದೇ ಮೇಲು ಎಂದು ಅಲ್ಲಿನ ಮಂಚೂ ಕುಟುಂಬಗಳು ಹೆಂಡತಿ ಮಕ್ಕಳ ಸಮೇತ ಪ್ರಾಣ ಬಿಟ್ಟವು. ಪಟ್ಟಣದೊಳಗೆ ಹೋದ ಸೈನ್ಯದಲ್ಲಿ ಮದ್ರಾಸಿನ ರೆಜಿಮೆಂಟುಗಳೂ ಇದ್ದವು. ಸಂಬಳಕ್ಕೆ ಹೋದ ನಮ್ಮ ದಕ್ಷಿಣದ ಬಡ ಸಿಪಾಯಿಗಳು. ಅವರಿಗೂ ಚೀನಾದವರು ಏನೂ ಮಾಡಿರಲಿಲ್ಲ.

ಆಮೇಲೆ ಹಡಗುಗಳು ನಾನ್‌ಕಿಂಗ್ ಎದುರು ಹೋಗಿ ಫಿರಂಗಿ ತಿರುಗಿಸಿ ನಿಂತವು. ಆಗಸ್ಟ್ 29ರಂದು ಕಾರ್ನ್‌ವಾಲಿಸ್ ಹಡಗಿನಲ್ಲಿ ಸಹಿ. ಹಾಂಗ್‌ಕಾಂಗ್ ಹೋಯಿತು. ಐದು ಬಂದರು ತೆರೆಯಬೇಕಾಯಿತು. 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ. ಅದರಲ್ಲಿ 60 ಲಕ್ಷ ಆ ನಾಶವಾದ ಅಫೀಮಿನ ಬೆಲೆ, 1 ಕೋಟಿ 20 ಲಕ್ಷ ತಮ್ಮ ಮೇಲೆ ನಡೆದ ಯುದ್ಧದ ಖರ್ಚು! ಹೊಡೆಸಿಕೊಂಡವನೇ ಕೋಲಿನ ಬೆಲೆಯನ್ನೂ ಕೊಡಬೇಕು. ಸಹಿ ಹಾಕಿಸಿಕೊಂಡವನು ಹೆನ್ರಿ ಪಾಟಿಂಜರ್. ಅವನು ಆಮೇಲೆ ಎಲ್ಲಿಗೆ ಬಂದ ಗೊತ್ತೇ? 1848ರಿಂದ 1854ರ ತನಕ ಮದ್ರಾಸಿನ ಗವರ್ನರ್. ಆಗ ಕಾಸರಗೋಡು ಮದ್ರಾಸು ಪ್ರಾಂತ್ಯದ ಕೆನರಾ ಜಿಲ್ಲೆಯಲ್ಲಿತ್ತು. ಚೀನಾದವರನ್ನು ಹಡಗಿಗೆ ಕರೆಸಿ ಸಹಿ ಹಾಕಿಸಿದ ಮನುಷ್ಯನೇ ನಮ್ಮ ಅಜ್ಜಂದಿರ ಅಜ್ಜಂದಿರನ್ನೂ ಆಳಿದ. ನಾವು ಆ ಹಡಗಿನ ಯಾವ ಬದಿಯಲ್ಲಿದ್ದೆವು ಎಂದು ತಿಳಿಯಲು ಇದಕ್ಕಿಂತ ಹೆಚ್ಚು ಸಾಕ್ಷಿ ಬೇಕೇ?

ಈ ವಾದ ಮುಂದಿಟ್ಟಾಗ ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕಿದ ಉತ್ತರಗಳನ್ನೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯ.

ಒಬ್ಬರು ಹೇಳಿದರು, "ಆ ಕಾಲವೇ ಹಾಗೆ ಮಾಷೇ, ಇವತ್ತಿನ ಅಳತೆಗೋಲು ಹಿಡಿಯಬಾರದು." ಸರಿ, ಆ ಕಾಲದ ಅಳತೆಗೋಲನ್ನೇ ಹಿಡಿಯೋಣ. 1840ರ ಏಪ್ರಿಲಿನಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲೇ ಈ ಯುದ್ಧದ ಬಗ್ಗೆ ಚರ್ಚೆ ಆಯಿತು. ಆಗಿನ್ನೂ ಯುವಕನಾಗಿದ್ದ ಗ್ಲಾಡ್‌ಸ್ಟನ್ ಇದು ಅನ್ಯಾಯದ ಯುದ್ಧ ಎಂದು ಎದ್ದು ನಿಂತು ಹೇಳಿದ. ಸರಕಾರದ ವಿರುದ್ಧದ ನಿರ್ಣಯ ಬಿದ್ದದ್ದು ಬರೀ 9 ಮತಗಳಿಂದ, 271ಕ್ಕೆ 262. ಬ್ರಿಟಿಷರಲ್ಲೇ ಹತ್ತಿರ ಹತ್ತಿರ ಅರ್ಧ ಜನ ತಪ್ಪು ಎಂದಿದ್ದರು. ಇಷ್ಟು ವರ್ಷ ಕಳೆದ ಮೇಲೆ ನಮ್ಮ ಮಕ್ಕಳು ಅದನ್ನು ಹೆಮ್ಮೆ ಎನ್ನಬೇಕೇ?

ಇನ್ನೊಬ್ಬರು ಹೇಳಿದರು, "ಕಟ್ಟಿದ ಆಚಾರಿಗಳ ಕೈಚಳಕಕ್ಕೂ ಮರ್ಯಾದೆ ಇಲ್ಲವೇ?" ಇದು ತೂಕದ ಮಾತು. ನಾನು ಒಪ್ಪುತ್ತೇನೆ. ಅದೇ ಕಟ್ಟೆಯಲ್ಲಿ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಹಡಗು ಇವತ್ತೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆ ತೇಲಿಕೊಂಡಿದೆ. ವೆಲ್ಲೆಸ್ಲಿಯನ್ನು ಮುಗಿಸಲಿಕ್ಕೆ 1940ರಲ್ಲಿ ಜರ್ಮನ್ ವಿಮಾನದ ಬಾಂಬು ಬೇಕಾಯಿತು. ಕಾರ್ನ್‌ವಾಲಿಸ್ 1957ರ ತನಕ ಬಾಳಿಕೆ ಬಂತು. ಬ್ರಿಟಿಷ್ ನೌಕಾಪಡೆಯವರು ಸಮುದ್ರ ದಾಟಿ ಬಂದು ಪಾರ್ಸಿ ಮೇಸ್ತ್ರಿಯ ಕೈಯಲ್ಲಿ ಹಡಗು ಕಟ್ಟಿಸಿದರು ಎಂದರೆ ಆ ಕೈ ಎಂಥದ್ದಿರಬೇಕು! ಆ ಹಲಗೆ ಕೆತ್ತಿದವರ, ಸಂದಿಗೆ ನಾರು ತುರುಕಿದವರ, ಕಾಡಿನಿಂದ ದಿಮ್ಮಿ ಎಳೆದವರ ಹೆಸರು ಸರ್ವೀಸ್ ಬುಕ್ಕಿನಲ್ಲಿ ಇದೆಯೇ? ಇಲ್ಲ. ಅವರ ಬಗ್ಗೆ ಭಾಷಣ ಮಾಡಿಸಿ, ನಾನೇ ಮೊದಲು ಚಪ್ಪಾಳೆ ಹೊಡೆಯುತ್ತೇನೆ. ಆದರೆ ಕತ್ತಿ ಮಾಡಿದ ಆಚಾರಿಯನ್ನು ಹೊಗಳುವುದು ಬೇರೆ, ಕತ್ತಿ ಹಿಡಿದವನು ಕಡಿದದ್ದನ್ನು ಹೊಗಳುವುದು ಬೇರೆ. ನಮ್ಮ ಭಾಷಣದಲ್ಲಿ ಇರುವುದು ಎರಡನೆಯದ್ದು.

ಮೂರನೆಯವರು, "ಎಲ್ಲ ತಪ್ಪೂ ಬ್ರಿಟಿಷರದ್ದೇ, ನಾವು ಪಾಪದವರು, ಹಾಗೇ ಬರೆಯಿರಿ" ಎಂದರು. ಅದನ್ನೂ ಬರೆಯಲಾರೆ. ಅಫೀಮಿನಲ್ಲಿ ದುಡ್ಡು ಮಾಡಿದವರಲ್ಲಿ ಬೊಂಬಾಯಿಯ ನಮ್ಮ ವ್ಯಾಪಾರಿಗಳೂ ಇದ್ದರು. ದಾನಕ್ಕೆ ಹೆಸರಾದ ಜಮ್‌ಶೆಟ್‌ಜಿ ಜೀಜೀಭಾಯ್ ಚೀನಾಕ್ಕೆ ಅಫೀಮು ಕಳಿಸಿಯೇ ಸಂಪತ್ತು ಕೂಡಿಸಿದವರಲ್ಲಿ ಒಬ್ಬರು. ಅವರಿಗೆ ಬ್ರಿಟಿಷರು ಸರ್ ಪದವಿ ಕೊಟ್ಟದ್ದು 1842ರಲ್ಲಿ, ನಾನ್‌ಕಿಂಗ್ ಒಪ್ಪಂದದ ವರ್ಷವೇ. "ನಾವು" ಎಂದು ಹೇಳುವಾಗ ಯಾವ ನಾವು ಎಂದು ಕೇಳಿಕೊಳ್ಳಬೇಕು. ತನ್ನ ಜಾಗದ ತೇಗ ಕಳೆದುಕೊಂಡವನೋ, ಕಟ್ಟೆಯ ಕೂಲಿಯವನೋ, ಸಿಪಾಯಿಯೋ, ಅಫೀಮಿನ ಸಾಹುಕಾರನೋ? ಇವರೆಲ್ಲ ಒಂದೇ ಅಲ್ಲ. "ಭಾರತದ ಹೆಮ್ಮೆ" ಎಂಬ ಚೀಲದಲ್ಲಿ ಎಲ್ಲರನ್ನೂ ತುಂಬಿಸಿದರೆ ಒಳಗೆ ಯಾರು ಯಾರನ್ನು ತುಳಿಯುತ್ತಿದ್ದಾರೆ ಎಂದು ಹೊರಗಿನವರಿಗೆ ಕಾಣುವುದಿಲ್ಲ.

ಕೊನೆಗೆ, "ಪುಟ್ಟ ಮಕ್ಕಳಿಗೆ ಇಷ್ಟೆಲ್ಲ ಯಾಕೆ?" ಎಂಬುದು. ಸ್ವಾಮೀ, ಪ್ರಶ್ನೆ ಕೇಳಿದ್ದೇ ಪುಟ್ಟ ಹುಡುಗಿ. ನಾವು ದೊಡ್ಡವರು ಚಪ್ಪಾಳೆ ಹೊಡೆದೆವು ಅಷ್ಟೇ.

ನನಗೆ ಸಿಟ್ಟು ಹಡಗಿನ ಮೇಲೆ ಅಲ್ಲ, ನೌಕಾ ಇತಿಹಾಸ ಬರೆದವರ ಮೇಲೂ ಅಲ್ಲ. ಅವರು ಅವರ ಕೆಲಸ ಮಾಡಿದ್ದಾರೆ. ಬ್ರಿಟಿಷ್ ನೌಕಾಪಡೆ ತನ್ನ ಹಡಗಿನ ಸೇವೆಯನ್ನು ತನ್ನ ಕಡೆಯಿಂದ ನೋಡಿ ಬರೆದುಕೊಂಡಿತು. ಸಿಟ್ಟು ಅದನ್ನು ಹಾಗೇ ತಂದು ಕನ್ನಡದಲ್ಲಿ ಹೇಳಿಕೊಟ್ಟ ನನ್ನ ಮೇಲೆ, ನಮ್ಮಂಥವರ ಮೇಲೆ. ಮಕ್ಕಳಿಗೆ ಕನ್ನಡದಲ್ಲಿ ಕಲಿಸುತ್ತೇವೆ ಎಂದು ಹೇಳಿಕೊಳ್ಳುತ್ತೇವಲ್ಲ, ಅಕ್ಷರ ಮಾತ್ರ ಕನ್ನಡವಾಗಿ ಕಣ್ಣು ಪಾರ್ಕರ್ ಅಡ್ಮಿರಲನದ್ದೇ ಆಗಿ ಉಳಿದರೆ ಏನು ಪ್ರಯೋಜನ? ಇದೇ ಮಲಬಾರ್, ಕೆನರಾಗಳ ನಡುವೆ ಕುಳಿತು ಓದುವ ಮಕ್ಕಳಿಗೆ ಈ ಹಡಗನ್ನು ಕಾಡಿನ ಕಡೆಯಿಂದ ನೋಡುವ ಅವಕಾಶ ಇದೆ. ಲಂಡನ್ನಿನ ಮಗುವಿಗಿಂತ ನಮ್ಮ ಮಗುವಿಗೆ ಅದು ಸುಲಭ. ಆ ಅವಕಾಶವನ್ನು ನಾವು ಹತ್ತು ಅಂಕಕ್ಕೆ ಮಾರಿದ್ದೇವೆ.

ಅದಕ್ಕೆ ನಾನು ಮಾಡಿದ ಸಣ್ಣ ಕೆಲಸ ಹೇಳುತ್ತೇನೆ, ಇಷ್ಟವಾದರೆ ನಿಮ್ಮ ಶಾಲೆಯಲ್ಲೂ ಮಾಡಿ. ರಸಪ್ರಶ್ನೆಯ ಪುಸ್ತಕದಲ್ಲಿ ನನ್ನ ಹಳೇ ಪ್ರಶ್ನೆಯನ್ನು ಹೊಡೆದು ಹಾಕಿ ನಾಲ್ಕು ಪ್ರಶ್ನೆ ಬರೆದೆ. ಮಲಬಾರಿನ ತೇಗದ ಮೇಲೆ ಕಂಪೆನಿ ಹಕ್ಕು ಘೋಷಿಸಿದ ವರ್ಷ ಯಾವುದು? ಹೂಮೆನ್‌ನಲ್ಲಿ ಅಫೀಮು ನಾಶ ಮಾಡಿಸಿದ ಅಧಿಕಾರಿ ಯಾರು? ನಾನ್‌ಕಿಂಗ್ ಒಪ್ಪಂದದ ದಂಡದಲ್ಲಿ ಅಫೀಮಿನ ಪಾಲು ಎಷ್ಟು? ಆ ಒಪ್ಪಂದಕ್ಕೆ ಸಹಿ ಹಾಕಿಸಿ ಮುಂದೆ ಮದ್ರಾಸಿನ ಗವರ್ನರ್ ಆದವನು ಯಾರು? ಇವೂ ತಾರೀಕು, ಹೆಸರುಗಳೇ. ಆದರೆ ಇವುಗಳಿಗೆ ಉತ್ತರ ಹುಡುಕುವ ಮಗುವಿಗೆ "ಚೀನಾದವರು ನಮಗೆ ಏನು ಮಾಡಿದ್ದರು?" ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ.

ಹುಡುಗಿ ಭಾಷಣ ಬದಲಾಯಿಸಿದ್ದಾಳೆ. ಚಪ್ಪಾಳೆ ಬೀಳುವ ಸಾಲುಗಳೆಲ್ಲ ಹೋಗಿವೆ. ಬಹುಮಾನ ಬರುತ್ತದೋ ಇಲ್ಲವೋ ಹೇಳಲಾರೆ, ತೀರ್ಪುಗಾರರಿಗೂ ಎದೆಯುಬ್ಬಿಸುವ ಭಾಷಣವೇ ಇಷ್ಟ. ಅವಳು ಕೊನೆಯಲ್ಲಿ ಒಂದು ಲೆಕ್ಕ ಸೇರಿಸಿಕೊಂಡಿದ್ದಾಳೆ, ನಾನು ಹೇಳಿಕೊಟ್ಟದ್ದಲ್ಲ. ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು 1947. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956. ಕಾರ್ನ್‌ವಾಲಿಸ್ ಹಡಗನ್ನು ಒಡೆದದ್ದು 1957. ನಾವು ಸ್ವತಂತ್ರರಾಗಿ ಹತ್ತು ವರ್ಷದ ತನಕ ಆ ತೇಗ ಇಂಗ್ಲೆಂಡಿನ ಬಂದರಿನಲ್ಲಿ ಕೆಲಸ ಮಾಡುತ್ತಲೇ ಇತ್ತು.

ನಿಮ್ಮ ಶಾಲೆಯಲ್ಲಿ ಈ ಭಾಷಣ ಬಂದರೆ ಏನು ಮಾಡುತ್ತೀರಿ? ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಬರೆಯಿರಿ, ಬೇಸರ ಇಲ್ಲ. ಆದರೆ ಬರೆಯುವ ಮೊದಲು ಹುಡುಗಿಯ ಪ್ರಶ್ನೆಗೆ ನಿಮ್ಮ ಉತ್ತರ ಏನು ಎಂದು ಹೇಳಿ.